ಫ್ಯಾನು ನಿಲ್ಲುವ ತನಕ

ವೈರಿಂಗಣ್ಣನ ಎಡಗಿವಿಯ ಅಂಚಿಗೆ ಸದಾ ಒಂದು ಕರಿ ಗ್ರೀಸಿನ ಗೆರೆ ಅಂಟಿರುತ್ತಿತ್ತು. ಹೆಂಡತಿ ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲವಂತೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುವುದು ಅವರ ಪದ್ಧತಿ. ಕಾರಿನ ಕರೆಂಟಿನ ಕಾಯಿಲೆಗಳನ್ನೆಲ್ಲ ಹಾಗೇ ಹಿಡಿಯುತ್ತಿದ್ದರು. ಆ ಕಿವಿಯೇ ಅವರ ಅನ್ನ, ಆ ಕಿವಿಯೇ ಅವರ ಹೆಸರು. ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ, ಟೀ ಅಂಗಡಿಗೆ ಒತ್ತಿಕೊಂಡ ತಗಡಿನ ಶೆಡ್ಡು ಅವರದು. ಬಾನೆಟ್ಟಿನೊಳಗೆ ಬಗ್ಗಿ ಎಡಗೈ ಎತ್ತಿದರೆಂದರೆ ಎಲ್ಲರೂ ಬಾಯಿ ಮುಚ್ಚಬೇಕು. ಟೀ ಅಂಗಡಿಯ ಅಕ್ಕ ರೇಡಿಯೋ ಆರಿಸಬೇಕು, ಬಸ್ಸಿಗೆ ಕಾದವರು ಕೆಮ್ಮು ನುಂಗಿಕೊಳ್ಳಬೇಕು.

"ಸುಮ್ಕಿರ್ರಪ್ಪಾ, ಫ್ಯಾನು ಮಾತಾಡ್ತಾದೆ" ಎನ್ನುತ್ತಿದ್ದರು.

ನಾನು ನಾಗಮಂಗಲದವನು. ತೊಂಬತ್ತರ ದಶಕದ ಆ ವರ್ಷಗಳಲ್ಲಿ, ಶ್ರೀರಂಗಪಟ್ಟಣದಲ್ಲಿ ರೈಲಿಳಿದವರನ್ನು ಮೇಲುಕೋಟೆಗೆ ಕರೆದೊಯ್ಯುವ ಬಾಡಿಗೆ ಕಾರು ಓಡಿಸುತ್ತಿದ್ದೆ. ಹಳೇ ಕಾರುಗಳಲ್ಲಿ ಫ್ಯಾನು ಎಂಜಿನ್ನಿನ ಬೆಲ್ಟಿಗೇ ತಿರುಗುತ್ತಿತ್ತು. ನನ್ನದರಲ್ಲಿ ಕರೆಂಟಿನ ಫ್ಯಾನು, ರೇಡಿಯೇಟರಿನ ನೀರು ಕಾದಾಗ ಮಾತ್ರ ತಾನಾಗಿ ತಿರುಗುವಂಥದ್ದು. ಕಾರು ಕೊಂಡ ಹೊಸದರಲ್ಲಿ, ಕೀಲಿ ತೆಗೆದ ಮೇಲೂ ಅದು ಗಿರ್ರನೆ ತಿರುಗುವುದನ್ನು ಕಂಡು ಎದೆ ಹಾರಿ ಅಣ್ಣನ ಬಳಿ ಓಡಿದ್ದೆ.

"ಬಿಸಿ ಆರೋಗಂಟ ಅದು ನಿಲ್ಲಕಿಲ್ಲ ಕಣ್ಲಾ. ನೀನ್ ಕೀ ತಗುದ್ರೆ ಅದ್ಕೇನು? ಅದ್ರ ಕೆಲ್ಸ ಮುಗೀಬ್ಯಾಡ್ವಾ?" ಎಂದು ಹೊಟ್ಟೆ ಹಿಡಿದು ನಕ್ಕರು.

ಒಂದು ಬೇಸಿಗೆಯಲ್ಲಿ ಆ ಫ್ಯಾನಿನ ಮೋಟಾರು ಸುಟ್ಟುಹೋಯಿತು. ಅಣ್ಣ ಎಲ್ಲಿಂದಲೋ ಹಳೆಯದೊಂದನ್ನು ಹುಡುಕಿ ತಂದು ಕೂರಿಸಿದರು. ಅದರ ಎರಡು ವೈರುಗಳೂ ಮಾಸಿ ಒಂದೇ ಬಣ್ಣಕ್ಕೆ ಬಂದಿದ್ದವು. ಯಾವುದನ್ನು ಎಲ್ಲಿಗೆ ಕೊಡಬೇಕೆಂದು ಅಣ್ಣ ಸದ್ದಿನಿಂದಲೇ ತೀರ್ಮಾನಿಸುವವರು. "ನೆಟ್ಟಗೆ ತಿರುಗುದ್ರೆ ಉಸ್ ಅಂತದೆ, ಉಲ್ಟಾ ತಿರುಗುದ್ರೆ ಗೊರ್ ಅಂತದೆ" ಎಂಬುದು ನಮಗೆಲ್ಲ ಬಾಯಿಪಾಠವಾಗಿದ್ದ ಅವರ ಮಾತು. ಕೈ ಎತ್ತಿದರು. ರೇಡಿಯೋ ಆರಿತು. ಕೇಳಿದರು.

"ಉಸ್ ಅಂತಾದೆ. ಓಗ್ಬಾ" ಎಂದರು.

ಮೇಲುಕೋಟೆಯ ಏರಿನಲ್ಲೇ ನೀರು ಕುದಿಯಿತು. ಕೆ.ಆರ್. ಪೇಟೆಯ ಮದುವೆ ಮನೆಯವರು ರೇಷ್ಮೆ ಸೀರೆ, ಪಂಚೆ ಸಮೇತ ಬಿಸಿಲಲ್ಲಿ ಇಳಿದು ನನ್ನ ಮುಖವನ್ನೇ ನೋಡುತ್ತ ನಿಂತರು. ಬಾನೆಟ್ಟು ಎತ್ತಿದರೆ ಫ್ಯಾನು ಭರ್ಜರಿಯಾಗಿ ತಿರುಗುತ್ತಿದೆ! ತಿರುಗದೆ ಕುದಿದರೆ ಅರ್ಥವಾಗುತ್ತದೆ. ತಿರುಗುತ್ತಲೇ ಕುದಿದರೆ ಯಾರನ್ನು ಬೈಯುವುದು?

ಅಣ್ಣನಿಗೂ ತಲೆ ಕೆಟ್ಟಿತು. ನೀರಿನ ಬಿಸಿ ನೋಡಿ ಫ್ಯಾನಿಗೆ ಕರೆಂಟು ಬಿಡುವ ಸ್ವಿಚ್ಚು ಬದಲಾಯಿಸಿದರು. ಆ ಕರೆಂಟನ್ನು ದಾಟಿಸುವ ರಿಲೇ ಬದಲಾಯಿಸಿದರು. ರೇಡಿಯೇಟರು ಬಿಚ್ಚಿ ತೊಳೆಸಿದರು. ಪ್ರತಿ ಸಲವೂ ಕೈ ಎತ್ತಿ, ಎಲ್ಲರನ್ನೂ ಸುಮ್ಮನಾಗಿಸಿ, ಕೇಳಿ, "ಫ್ಯಾನಲ್ಲಿ ಏನೂ ಇಲ್ಲ ಕಣ್ಲಾ" ಎನ್ನುತ್ತಿದ್ದರು. ಕಾರು ಪ್ರತಿ ಸಲವೂ ಕುದಿಯುತ್ತಿತ್ತು. "ಮೈಸೂರ್ಗೆ ತಕ್ಕೊಂಡೋಗ್ಲಾ, ಅಣ್ಣಂಗೆ ವಯಸ್ಸಾಯ್ತು" ಎಂದು ಸ್ಟ್ಯಾಂಡಿನ ಡ್ರೈವರುಗಳು ಅಣ್ಣನ ಬೆನ್ನ ಹಿಂದೆ ನಿಂತೇ ಅಂದರು. ಅವರು ತಿರುಗಿ ನೋಡಲಿಲ್ಲ. ದೊಡ್ಡ ಮನಸ್ಸು, ನುಂಗಿಕೊಂಡರು ಅಂದುಕೊಂಡೆ.

ಒಂದು ಮಧ್ಯಾಹ್ನ ಎಂಜಿನ್ನೂ ಓಡುತ್ತಿತ್ತು, ಫ್ಯಾನೂ ತಿರುಗುತ್ತಿತ್ತು. ಅಣ್ಣ ಹೆಗಲ ಮೇಲಿನ ಟವಲ್ಲು ತೆಗೆದು ಕಾರಿನ ಮುಂದಿನ ಜಾಲರಿಯ ಧೂಳು ಒರೆಸಲು ಹೋದರು. ಫ್ಯಾನು ಇರುವುದು ರೇಡಿಯೇಟರಿನ ಹಿಂದೆ. ಅದು ಮುಂದಿನಿಂದ ಗಾಳಿ ಎಳೆದುಕೊಳ್ಳಬೇಕು, ಟವಲ್ಲು ಜಾಲರಿಗೆ ಅಂಟಿಕೊಳ್ಳಬೇಕು. ಟವಲ್ಲು ಉಬ್ಬಿ ಅಣ್ಣನ ಮುಖಕ್ಕೇ ಬಡಿಯಿತು. ಮತ್ತೆ ಹಿಡಿದರು. ಮತ್ತೆ ಬಡಿಯಿತು.

"ಇದೇನ್ಲಾ ಇದು, ಉಲ್ಟಾ ತಿರುಗ್ತಾದಲ್ಲ?" ಎಂದು ನನ್ನನ್ನು ನೋಡಿದರು. "ಸದ್ದು ಎಂಗದೆ?"

ನಾನು ಟೀ ಅಂಗಡಿಯ ಕಡೆ ತಿರುಗಿದೆ. ಅಕ್ಕನೇ ಹೇಳಿದರು. "ಮೊದ್ಲಿಂದ್ಲೂ ಗೊರ್ ಅಂತಾನೇ ಇತ್ತಲ್ಲಣ್ಣ."

"ಆಂ?"

"ಗೊರ್ ಅಂತದೆ!" ಎಂದು ಕೂಗಿದರು.

ನಮಗೆಲ್ಲ ಕೇಳಿಸಿತ್ತು. ಆದರೆ ಅಣ್ಣ ಉಸ್ ಎಂದ ಮೇಲೆ ಗೊರ್ ಎನ್ನಲು ನಾವ್ಯಾರು? ಬೇರೆ ಮೋಟಾರು, ಬೇರೆ ಸದ್ದು ಎಂದು ನಾನು. ಮೆಕ್ಯಾನಿಕ್ಕಿನ ಉಸಾಬರಿ ತನಗ್ಯಾಕೆ ಎಂದು ಅಕ್ಕ. ಅವರು ಕೈ ಎತ್ತಿದ ಮೇಲೆ ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲವಲ್ಲ.

ಅಣ್ಣ ಎರಡು ವೈರುಗಳನ್ನು ಅದಲು ಬದಲು ಮಾಡಿದರು. ಟವಲ್ಲು ಗಪ್ಪನೆ ಜಾಲರಿಗೆ ಅಂಟಿಕೊಂಡಿತು. ಅವರು ಬಂದು ಬೆಂಚಿನ ಮೇಲೆ ಕುಳಿತರು. ಆಮೇಲೆ, "ರೇಡಿಯೋ ಆಕವ್ವ" ಎಂದರು. ಅಕ್ಕ ಹಾಕಿದರು.

"ವಸಿ ಜೋರಾಗ್ ಇಕ್ಕು."

ಅದು ಆಗಲೇ ಬೀದಿಗೆಲ್ಲ ಕೇಳುವಷ್ಟು ಜೋರಾಗಿತ್ತು. ಅಕ್ಕ ನನ್ನ ಕಡೆ ನೋಡಿದರು.

ಇನ್ನು ಶೆಡ್ಡು ಮುಚ್ಚುತ್ತಾರೆ ಅಂದುಕೊಂಡೆ. ಮುಚ್ಚಲಿಲ್ಲ. ಮುಂದಿನ ಸಲ ಹೋದಾಗಲೂ ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಕೈ ಎತ್ತಿದರು. ನಾವು ಸುಮ್ಮನಾದ ಮೇಲೆ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ, ಟವಲ್ಲನ್ನು ಜಾಲರಿಯ ಮುಂದೆ ಹಿಡಿದರು. "ಉಸ್ ಅಂತಾದೆ" ಎಂದರು. ಉಸ್ ಎಂದೇ ಅನ್ನುತ್ತಿತ್ತು. ಮತ್ತೆಂದೂ ಅವರ ಲೆಕ್ಕ ತಪ್ಪಲಿಲ್ಲ. ಕೇಳಿಸದ ಕಿವಿಗೆ ನಮ್ಮ ಮೌನ ಯಾಕೆ ಬೇಕಿತ್ತು? ಅವರು ನಮ್ಮನ್ನು ನಂಬಿಸುತ್ತಿದ್ದರೋ, ನಾವು ಅವರನ್ನು ನಂಬಿಸುತ್ತಿದ್ದೆವೋ? ಎಷ್ಟು ಯೋಚಿಸಿದರೂ ನನಗೆ ಇಂದಿಗೂ ತಿಳಿದಿಲ್ಲ. ಅವರನ್ನು ಬಹಳ ಪ್ರೀತಿಸುತ್ತಿದ್ದೆ ಎಂಬುದೊಂದು ತಿಳಿದಿದೆ.

ಕೆಲವು ವರ್ಷಗಳ ಮೇಲೆ ಅಣ್ಣ ತೀರಿಕೊಂಡ ಸುದ್ದಿ ಬಂತು. ನಾಗಮಂಗಲದಿಂದ ಎಲ್ಲೂ ನಿಲ್ಲಿಸದೆ ಕಾರು ಓಡಿಸಿಕೊಂಡು ಬಂದೆ. ಮನೆಯ ಮುಂದೆ ಜನ ಗುಂಪು ಗುಂಪಾಗಿ ಮಾತಾಡುತ್ತಿದ್ದರು. ಕೀಲಿ ತೆಗೆದೆ. ಎಂಜಿನ್ನು ನಿಂತಿತು, ಫ್ಯಾನು ನಿಲ್ಲಲಿಲ್ಲ. ಉಸ್ ಎನ್ನುತ್ತಲೇ ಇತ್ತು. ಮೊದಲು ಟೀ ಅಂಗಡಿಯ ಅಕ್ಕ ಸುಮ್ಮನಾದರು. ಆಮೇಲೆ ಸ್ಟ್ಯಾಂಡಿನ ಡ್ರೈವರುಗಳು, ಆಮೇಲೆ ಎಲ್ಲರೂ. ಯಾರೂ ಕೈ ಎತ್ತಿರಲಿಲ್ಲ. ಬಿಸಿ ಆರಿ ಅದು ತಾನಾಗಿ ನಿಲ್ಲುವ ತನಕ ಒಬ್ಬರೂ ಮಾತಾಡಲಿಲ್ಲ.