ಲೂಸಿ ಹಾಡುತ್ತಿದ್ದ ಸಾಲು

ಕಳೆದ ವಾರ ಸಿಡ್ನಿಯ ರೌಸ್ ಹಿಲ್‌ನಲ್ಲಿರುವ ನಮ್ಮ ಮನೆಯ ಇಂಟರ್ನೆಟ್ ಕೆಟ್ಟಿತು. ಕಂಪನಿಗೆ ಫೋನ್ ಮಾಡಿ ಕಾಯುತ್ತ ಕುಳಿತೆ. ಕಾಯುವವರ ಸಿಟ್ಟು ಇಳಿಯಲೆಂದು ಸಂಗೀತ ಹಾಕುತ್ತಾರಲ್ಲ, ಅದರಲ್ಲಿ ಥಟ್ಟನೆ ಮುದುಕ ಸಿಕ್ಕಿಬಿಟ್ಟ. ಹಾಗೆಂದದ್ದಕ್ಕೆ ಬೇಸರಿಸಬೇಡಿ. ಮುನ್ನೂರು ವರ್ಷಗಳ ಹಿಂದೆ ಜರ್ಮನಿಯ ಚರ್ಚೊಂದರಲ್ಲಿ ಸಂಗೀತ ನಡೆಸುತ್ತಿದ್ದ ಆ ಮಹಾನುಭಾವನನ್ನು ನನ್ನ ಗೆಳತಿ ಲೂಸಿ ಕರೆಯುತ್ತಿದ್ದದ್ದೇ ಹಾಗೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಇದೇ ಊರಿನ ಪ್ಯಾರಮಟ್ಟಾದಲ್ಲಿ, ಇಲ್ಲಿಯವರು ಯೂನಿಟ್ ಎನ್ನುವ ಒಂದು ಫ್ಲಾಟ್‌ನಲ್ಲಿದ್ದೆ. ಡಾಕ್ಟರಾದ ಗಂಡನಿಗೆ ಕೆಲಸ ಸಿಕ್ಕಿದ್ದು ದೂರದ ಊರಿನಲ್ಲಿ, ಮನೆಗೆ ಬರುತ್ತಿದ್ದದ್ದು ಅಪರೂಪ. ಮೈಸೂರಿನಲ್ಲಿ ಕಲಿತ ಸಂಗೀತವನ್ನು ನಾನು ಗೋಡೆಗಳಿಗೆ ಕೇಳಿಸುತ್ತಿದ್ದೆ. ಕನ್ನಡ ಆಡಬೇಕೆನಿಸಿದರೆ ಒಗ್ಗರಣೆ ಹಾಕುತ್ತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಗೋಡೆಯಾಚೆ ಕೇಳಿಸಿಕೊಂಡವಳು ಲೂಸಿ, ಮಂಗಳೂರಿನವಳು, ಮನೆಮಾತು ಕೊಂಕಣಿ. ಒಂದು ಸಂಜೆ ಬಾಗಿಲು ತಟ್ಟಿ, ನಮ್ಮ ಚರ್ಚಿನ ಹಾಡುವ ಗುಂಪಿನಲ್ಲಿ, ಕಾಯರ್‌ನಲ್ಲಿ, ಕೆಳದನಿಯ ಹೆಂಗಸರು ಸಾಲದು, ಗುಡ್ ಫ್ರೈಡೇ ಹತ್ತಿರ ಬಂತು, ಬನ್ನಿ ಎಂದಳು. ಗುಂಪು ಹಾಡುತ್ತಿದ್ದದ್ದು ಮುದುಕನ ಸ್ತೋತ್ರವೊಂದನ್ನು.

ಅವನ ಕಥೆ ಹೇಳಲು ಲೂಸಿಗೆ ದಣಿವೇ ಇರಲಿಲ್ಲ. ಯೇಸು ಪಟ್ಟ ಪಾಡನ್ನು ಗಂಟೆಗಟ್ಟಲೆ ಹಾಡಾಗಿಸಿದ್ದು, ಕೀಲಿಮಣೆಯ ಒಂದೊಂದು ಶ್ರುತಿಗೂ ಒಂದೊಂದು ರಚನೆ ಕಟ್ಟಿದ್ದು, ದೊಡ್ಡ ಪಿಟೀಲಿನಂಥ ಚೆಲ್ಲೋಗೆ, ಜೊತೆಗೆ ಯಾರೂ ಇಲ್ಲದ ಒಂಟಿ ಚೆಲ್ಲೋಗೆಂದೇ ಬರೆದದ್ದು. ಸತ್ತ ಮೇಲೆ ಊರಿನವರು ಹಳೇ ಕಾಲದವನೆಂದು ಮೂಲೆಗೆ ಸರಿಸಿದರಂತೆ. ಎಷ್ಟೋ ವರ್ಷಗಳ ನಂತರ ಎಳೆಯನೊಬ್ಬ ಯೇಸುವಿನ ಪಾಡಿನ ಆ ದೊಡ್ಡ ಕೃತಿಯನ್ನು ಮತ್ತೆ ಹಾಡಿಸಿದ. ಆಮೇಲೆ ಮುದುಕನಿಂದ ಕಲಿಯದೆ ಸಂಗೀತ ಬರೆದವರೇ ಕಡಿಮೆ ಎನ್ನುತ್ತಿದ್ದಳು. ಒಂಟಿ ಚೆಲ್ಲೋದ ಕ್ಯಾಸೆಟ್ ನನಗೆ ಕೊಟ್ಟಳು. ಅದನ್ನು ಕೇಳಿದ ರಾತ್ರಿ ನಾನು ಊಟ ಮಾಡಲಿಲ್ಲ.

ಹಾಡುವಾಗ ಮಾತ್ರ ಕಷ್ಟವಾಯಿತು. ನಮ್ಮಲ್ಲಿ ನೂರು ಜನ ಕೂತರೂ ಹಾಡುವುದು ಒಂದೇ ಧಾಟಿ. ಪಕ್ಕದವರಿಂದ ಬೇರೆಯಾದರೆ ಗುರುಗಳ ಕಣ್ಣು ಕೆಂಪು. ಇಲ್ಲಿ ಒಂದೇ ಹಾಡಿಗೆ ನಾಲ್ಕು ಸಾಲು, ನಾಲ್ಕೂ ಬೇರೆ. ಲೂಸಿಯದು ಮೇಲಿನ ಸಾಲು, ಹಾಡಿನ ಧಾಟಿಯೇ ಅದು. ನನ್ನದು ಅದರ ಕೆಳಗಿನದು, ಎರಡು ಮೂರು ಸ್ವರಗಳಲ್ಲೇ ಸುಳಿದಾಡುವಂಥದ್ದು. ಶುರು ಮಾಡಿದ ಕೂಡಲೇ ನನ್ನ ದನಿ ಲೂಸಿಯ ದನಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಇಷ್ಟು ವರ್ಷದ ಅಭ್ಯಾಸ, ಬಿಡು ಎಂದರೆ ಬಿಟ್ಟೀತೆ? ಕಾಯರ್ ನಡೆಸುವಾತ ಬಹಳ ಮರ್ಯಾದೆಯಿಂದಲೇ, ಇನ್ನೂ ಹೀಗಾದರೆ ನೀವು ಕೇಳುಗರ ಜೊತೆ ಕೂತುಕೊಳ್ಳಬೇಕಾಗುತ್ತದೆ ಎಂದ. ನನಗೆ ಅಳು ಬಂತು. ಇಡೀ ಸಿಡ್ನಿಯಲ್ಲಿ ನನಗೆ ಹೋಗಲು ಇದ್ದದ್ದು ಅದೊಂದೇ ಜಾಗ.

ಲೂಸಿ ತನ್ನ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಹೇಳಿದಳು: "ನೀವು ನನ್ನ ಹಿಂದೆ ಯಾಕೆ ಬರುದು ಮಾರಾಯ್ರೆ? ನಿಮ್ಮ ದಾರಿಯಲ್ಲಿ ನೀವು ಹೋಗಿ. ನಾನು ಪಕ್ಕದಲ್ಲೇ ಇರ್ತೇನೆ."

ದಿನವೂ ಹಾಡಿದೆವು. ಒಂದು ಸಂಜೆ ನನ್ನ ಸಾಲು ಜಾರಲಿಲ್ಲ. ಇಬ್ಬರೂ ಬೇರೆ ಬೇರೆ ಹಾಡುತ್ತಿದ್ದೇವೆ, ಆದರೆ ನಾನು ಒಬ್ಬಳೇ ಅಲ್ಲ. ಅಂಥ ಸುಖ ನನಗೆ ಈ ದೇಶದಲ್ಲಿ ಅದೇ ಮೊದಲು.

ಗುಡ್ ಫ್ರೈಡೇಗೆ ಮುಂಚೆಯೇ ಲೂಸಿಯ ಗಂಡನಿಗೆ ಮೆಲ್ಬರ್ನ್‌ಗೆ ವರ್ಗವಾಯಿತು. ಅವಳ ಜಾಗದಲ್ಲಿ ಬೇರೆ ಯಾರೋ ನಿಂತರು. ನಾನು ತಪ್ಪದೆ ಹಾಡಿದೆ. ಮೆಲ್ಬರ್ನ್‌ಗೆ ಫೋನ್ ಮಾಡಿ ಹೇಳಿದಾಗ ಲೂಸಿ ಬಹಳ ಸಂತೋಷಪಟ್ಟಳು. ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಅವಳಿಲ್ಲದೆಯೂ ಹಾಡಬಲ್ಲೆ ಎಂದು ತಿಳಿದದ್ದರಲ್ಲಿ ಖುಷಿಪಡುವುದೇನಿದೆ, ನೀವೇ ಹೇಳಿ. ಮುಂದೆ ಭೇಟಿಯಾದಾಗಲೆಲ್ಲ ಮಕ್ಕಳು, ಮಾರ್ಟ್‌ಗೇಜ್, ಮೊಣಕಾಲು ನೋವು ಎಂದು ಮಾತಾಡಿದೆವು. ಒಟ್ಟಿಗೆ ಮತ್ತೆ ಹಾಡಲೇ ಇಲ್ಲ. ಹೋದ ತಿಂಗಳು ಅವಳ ಮಗ ಫೋನ್ ಮಾಡಿ, ಅಮ್ಮ ತೀರಿಕೊಂಡರು ಎಂದ.

ಕಳೆದ ವಾರ ಇಂಟರ್ನೆಟ್ ಕಂಪನಿಗಾಗಿ ಕಾಯುವಾಗ ಕೇಳಿಸಿದ್ದು ಅದೇ ಸ್ತೋತ್ರ. ಫೋನ್ ಕಿವಿಗಿಟ್ಟುಕೊಂಡೇ ನಾನು ನನ್ನ ಸಾಲನ್ನು ಹಾಡತೊಡಗಿದ್ದೆನಂತೆ. ಇಂಟರ್ನೆಟ್ ಇಲ್ಲದ್ದರಿಂದ ಮಗಳು ಕೋಣೆಯಿಂದ ಹೊರಗೆ ಬಂದಿದ್ದಳು. "ವಾಟ್ಸ್ ದಟ್ ಟ್ಯೂನ್, ಅಮ್ಮಾ?" ಎಂದಳು.

"ಟ್ಯೂನ್ ಅಲ್ಲ ಕಣೇ, ಅದರ ಪಕ್ಕದ್ದು," ಎಂದೆ. "ಟ್ಯೂನ್ ಲೂಸಿ ಆಂಟಿ ಹತ್ರ ಇತ್ತು."