ಮೊಣಕಾಲಿನೊಳಗಿನ ಸಿಂಬಿ

ಎಪ್ಪತ್ತರ ದಶಕದ ಮಾತು. ಟಿಕೋಟಾದ ನಮ್ಮ ಹೊಲದಲ್ಲಿ ಮೊಮ್ಮಗಳು ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳುತ್ತಿದ್ದಳು. ಹಿಂದಿನ ದಿನ ಮಳೆಯಾಗಿತ್ತು. ತೊಯ್ದ ಎರೆಮಣ್ಣು ಹಿಡಿದ ಕಾಲನ್ನು ಬಿಡುವುದಿಲ್ಲ. ಪಾದ ಹೂತಿದ್ದಂತೆಯೇ ಮೈ ತಿರುಗಿಸಿ ಎದ್ದಳು; ಮೊಣಕಾಲಿನೊಳಗೆ ಏನೋ ಕಟ್ ಎಂದಿತಂತೆ. ಅಂದಿನಿಂದ ಬಲಗಾಲು ಮಡಚಿದ್ದು ಮಡಚಿದಂತೆಯೇ ನಿಂತಿತು.

ಮುಂದಿನ ತಪ್ಪು ನನ್ನದು. ಎಲುಬು ಸರಿದಿದೆ ಎಂದುಕೊಂಡು ಬಬಲೇಶ್ವರದಲ್ಲಿ ಎಲುಬು ಕೂಡಿಸುವವನ ಹತ್ತಿರ ಕರೆದೊಯ್ದೆ. ಅವನು ಜಗ್ಗಿದ, ಉದ್ದಿನ ಹಿಟ್ಟು ತತ್ತಿ ಕಲಸಿ ಬಳಿದ, ಬಿದಿರಿನ ಪಟ್ಟಿ ಇಟ್ಟು ಕಟ್ಟಿದ. ಮೂರು ವಾರಕ್ಕೆ ಬಿಚ್ಚಿದರೆ ಕಾಲು ಹಾಗೆಯೇ ಇತ್ತು.

"ಆಯಿ, ಇನ್ನ ನಾ ಹಿಂಗ ಕುಂಟ್ಕೋತ ಇರಬೇಕೇನ?" ಎಂದಳು. ಮರುದಿನವೇ ಬಸ್ ಹತ್ತಿಸಿ ವಿಜಾಪುರದ ಸೊಲ್ಲಾಪುರ ರಸ್ತೆಯ ಡಾಕ್ಟರರ ಮುಂದೆ ಕೂಡ್ರಿಸಿದೆ.

ಅವರು ಕಾಲನ್ನು ಅತ್ತಿತ್ತ ಹೊರಳಿಸಿ ನೋಡಿದರು. "ಎಲುಬು ಸರದಿಲ್ಲಮ್ಮಾ. ತೊಡಿ ಎಲುಬಿನ ತುದಿ ದುಂಡಗ, ಕೆಳಗಿನ ಎಲುಬಿನ ತಲಿ ಸಪಾಟ. ಎರಡರ ನಡುವ ಅರ್ಧಚಂದ್ರದ ಹಂಗ ಎರಡು ಮೆತ್ತನ್ನ ಪದರ ಅದಾವ. ಹೊರಗ ದಪ್ಪ, ಒಳಗ ತೆಳ್ಳಗ."

"ದುಂಡನ್ನ ಕೊಡ ತಲಿ ಮ್ಯಾಲ ನಿಂದ್ರಾಕ ಅರಿವಿ ಸುತ್ತಿ ಸಿಂಬಿ ಇಡ್ತೇವಲ್ರಿ, ಹಂಗೇನ್ರಿ?" ಎಂದೆ.

"ಥೇಟ್ ಹಂಗ. ಭಾರ ಒಂದ ಕಡೆ ಬೀಳಗೊಡೂದಿಲ್ಲ. ಈಕಿದು ಒಂದು ಹರದು, ಆ ಚೂರು ಸಂದಿನ್ಯಾಗ ಸಿಕ್ಕೊಂಡದ. ಒಳ ಅಂಚಿಗೆ ರಕ್ತ ಹೋಗೂದಿಲ್ಲ, ತಾನಾಗಿ ಕೂಡೂದಿಲ್ಲ. ಕೊಯ್ದು ತೆಗೀಬೇಕು. ಭಾಳ ಮಂದಿ ಡಾಕ್ಟರು ಪದರ ಪೂರಾನ ತೆಗೀತಾರ."

"ಸಿಂಬಿ ಇಲ್ಲದ ಕೊಡ ಹೊತ್ತರ ನೆತ್ತಿ ಏನಾಗ್ತದ ಅಂತ ನನ್ನ ಕೇಳ್ರಿ, ಸಾಹೇಬ್ರ. ಹರದದ್ದಷ್ಟ ತೆಗೀರಿ."

ಡಾಕ್ಟರು ನಕ್ಕರು. "ಇಲ್ಲಿ ಡಾಕ್ಟರ್ ಯಾರು, ನಾನೋ ನೀವೋ?"

"ಊರಾಗೂ ಹಿಂಗರಿ ಈಕಿ, ಎಲ್ಲಾರಿಗೂ ಹೇಳ್ಕೊಡ್ತಾಳ," ಎಂದು ಮೊಮ್ಮಗಳು ಮುಖ ತಿರುಗಿಸಿದಳು.

"ಹೇಳೂದು ಖರೇನ ಐತಿ. ಹೊರ ಅಂಚು ಗಟ್ಟಿ ಇದ್ರ ಅದನ್ನ ಮುಟ್ಟೂದಿಲ್ಲ," ಎಂದರು ಡಾಕ್ಟರು.

ಗಟ್ಟಿಯಿತ್ತು. ಆಪರೇಷನ್ ಆದ ಮೇಲೆ ಬಟ್ಟಲಲ್ಲಿ ತಂದು ತೋರಿಸಿದ್ದು ಬೆರಳಷ್ಟು ಉದ್ದದ ಬಿಳಿ ಚೂರು, ಅಷ್ಟೇ.

ಆದರೂ ಕಾಲು ಪೂರ್ತಿ ನೆಟ್ಟಗಾಗಲಿಲ್ಲ. ಇಷ್ಟು ದಿನ ಕಾಲು ಮಡಚಿಕೊಂಡೇ ಇದ್ದು ತೊಡೆಯ ಸ್ನಾಯು ಸೊರಗಿತ್ತು. ಡಾಕ್ಟರು ಆಸ್ಪತ್ರೆಯಲ್ಲೇ ಇರಿಸಿಕೊಂಡು ಒಂದು ಕಸರತ್ತು ಕಲಿಸಿದರು: ಮೊಣಕಾಲ ಕೆಳಗೆ ನಾನು ಅಂಗೈ ಇಡಬೇಕು, ಅವಳು ಅದನ್ನು ಹಾಸಿಗೆಗೆ ಒತ್ತಬೇಕು. ಮೊದಲ ದಿನ ಕಾಲಿಗೂ ಕೈಗೂ ನಡುವೆ ಒಂದು ರೊಟ್ಟಿಯ ಗಂಟು ಹಿಡಿಸುವಷ್ಟು ಜಾಗ. ಎಂಟು ದಿನಕ್ಕೆ ಎರಡು ಬೆರಳು. ಆಮೇಲೆ ಒಂದು.

ಒಂದು ಮುಂಜಾನೆ ಕೈ ಸಿಕ್ಕಿಕೊಂಡಿತು. ಜಗ್ಗಿದರೂ ಬರಲಿಲ್ಲ.

"ಬಿಡು ಲೇ, ಬಳಿ ಒಡೀತಾವ."

"ಒಡೀಲಿ ಬಿಡು," ಎಂದು ಇನ್ನೂ ಜೋರಾಗಿ ಒತ್ತಿದಳು. ಕಾಲು ಹಾಸಿಗೆಯುದ್ದಕ್ಕೂ ನೆಟ್ಟಗೆ ಮಲಗಿತ್ತು. ಆ ಕೋಣೆಯಲ್ಲಿದ್ದ ರೋಗಿಗಳನ್ನೆಲ್ಲ ಕೂಗಿ ಎಬ್ಬಿಸಿದೆ, ನೋಡಿರಿ ಎಂದೆ. ಕೈಯನ್ನು ಮಾತ್ರ ಹೊರಗೆ ಎಳೆದುಕೊಳ್ಳಲಿಲ್ಲ.