ಎಡಗಡೆಯ ಪೆಟ್ಟಿಗೆಯೊಳಗಿನ ಅವ್ವ

ನನ್ನ ಅಪ್ಪ ಸಿಟ್ಟು ಬಂದರೂ ಫೋನು ಮಾಡುತ್ತಾನೆ, ದುಃಖವಾದರೂ ಫೋನು ಮಾಡುತ್ತಾನೆ. ಎರಡಕ್ಕೂ ಒದರುವ ದನಿ ಒಂದೇ. ನಲವತ್ತು ವರ್ಷ ಬನಹಟ್ಟಿಯ ಪಾವರ್‌ಲೂಮುಗಳ ಗದ್ದಲದಲ್ಲಿ ನಿಂತು ಅವನ ಕಿವಿ ಮಂದವಾಗಿದೆ. ಕಳೆದ ಶ್ರಾವಣದಲ್ಲಿ ಅಂಥದೇ ಒಂದು ಫೋನು ಬಂತು.

“ಯವ್ವಾ, ಎಡಗಡಿ ಪೆಟ್ಟಿಗಿ ಸತ್ತೈತಿ. ನಿಮ್ಮವ್ವನ ದನಿ ಬರವಲ್ದು. ಲಗೂ ಬಾ.”

ಮರುದಿನವೇ ಮುಧೋಳದಿಂದ ಬಸ್ಸು ಹತ್ತಿದೆ. ಹತ್ತದೆ ಮತ್ತೇನು ಮಾಡಲಿ? ಆ ದನಿ ಎಂದರೆ ಅಪ್ಪನಿಗೆ ಏನು ಎಂಬುದು ನನಗೆ ಗೊತ್ತು. ನನ್ನ ಮದುವೆಯ ಅರಿಷಿಣದ ದಿನ ಮನೆಯಲ್ಲಿ ಹೆಂಗಸರು ಹಾಡಿದ್ದನ್ನು ಯಾರೋ ಕ್ಯಾಸೆಟ್ಟಿಗೆ ತುಂಬಿಸಿದ್ದರು. ಟೇಪ್‌ರೆಕಾರ್ಡರಿನ ಎಡಕ್ಕೆ ಕೂತು ಅವ್ವ ಹೇಳಿಕೊಡುತ್ತಿದ್ದಳು, ಬಲಕ್ಕೆ ಕೂತ ಹೆಂಗಸರು ಸೊಲ್ಲು ಎತ್ತುತ್ತಿದ್ದರು. ಹಾಗಾಗಿ ಮನೆಯ ಸ್ಟೀರಿಯೋದಲ್ಲೂ ಅವ್ವ ಎಡ ಸ್ಪೀಕರ್ ಪೆಟ್ಟಿಗೆಯಲ್ಲೇ ಇದ್ದಳು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅವಳಿಗೆ ಉಳಿದದ್ದು ಗರಗರ ಎನ್ನುವ, ಬರೀ ಉಸಿರಿನಂಥ ಮಾತು. ಆವತ್ತಿನಿಂದ ಅಪ್ಪ ದಿನಾ ಮಧ್ಯಾಹ್ನ ಉಂಡು ಆ ಕ್ಯಾಸೆಟ್ಟು ಹಾಕಿ ಕೂರುತ್ತಿದ್ದ.

ನಾನು ಹೋದಾಗ ಹಾಡು ನಡೆದಿತ್ತು. ಬಲಗಡೆಯ ಹೆಂಗಸರು ಯಾರೋ ಇಲ್ಲದವರಿಗೆ ಓಗೊಡುತ್ತಿದ್ದರು. ಅಪ್ಪ ಎಡ ಪೆಟ್ಟಿಗೆಯ ನೆತ್ತಿಗೆ ದಬದಬ ಬಡಿಯುತ್ತಿದ್ದ.

“ಬಡದ್ರ ಹಾಡತೈತೇನಪ್ಪಾ? ಸರಿ ಅತ್ಲಾಗ!” ಎಂದು ಗದರಿ ಅವನನ್ನು ಪಕ್ಕಕ್ಕೆ ಕೂರಿಸಿದೆ.

ಮೊದಲು ಬಲಗಡೆಯ ತಂತಿ ಕಿತ್ತು ಸ್ಟೀರಿಯೋದ ಎಡ ತೂತಿಗೆ ಸಿಕ್ಕಿಸಿದೆ. ಬಲ ಪೆಟ್ಟಿಗೆಯಿಂದ ಅವ್ವ ತಟಕ್ಕನೆ ಹಾಡಿದಳು.

“ಬಂದ್ಲು! ಬಂದ್ಲು ನೋಡು!” ಅಪ್ಪ ಎದ್ದೇ ನಿಂತ. “ಹಿಂಗ ಇರಲಿ ಬಿಡಬೇ, ಬಾಕಿ ಮಂದಿ ಹಾಳಾಗಿ ಹೋಗಲಿ.”

ಬಿಟ್ಟಿದ್ದರೆ ಚೆನ್ನಾಗಿತ್ತೋ ಏನೋ. ಆದರೆ ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟರೆ ನನಗೆ ಆ ದಿನ ಅನ್ನ ಸೇರುವುದಿಲ್ಲ. ಅದೇ ತಂತಿಗೆ ಎಡ ಪೆಟ್ಟಿಗೆಯನ್ನು ಜೋಡಿಸಿ ನೋಡಿದೆ. ಅದೂ ಹಾಡಿತು. ಅಂದರೆ ಯಂತ್ರವೂ ಸರಿ, ಪೆಟ್ಟಿಗೆಯೂ ಸರಿ. ಕೆಟ್ಟದ್ದು ಎಡಗಡೆಯ ತಂತಿ. ಅಪ್ಪ ತಕ್ಷಣ ಇಲಿಯ ಮೇಲೆ ಗೂಬೆ ಕೂರಿಸಿದ.

ಗೋಡೆಗುಂಟ ಬೆರಳಾಡಿಸುತ್ತ ಹೋದೆ. ಕಬ್ಬಿಣದ ಕಪಾಟಿನ ಹಿಂದೆ ಗಂಟು ಸಿಕ್ಕಿತು. ಒಂದಲ್ಲ, ಎರಡೂ ಎಳೆಗೆ ಒಂದೊಂದು. ಮಗ್ಗದ ಮೇಲೆ ನೂಲು ಹರಿದಾಗ ನೇಕಾರರು ಹಾಕುತ್ತಾರಲ್ಲ, ಅದೇ ಗಂಟು. ಚಿಕ್ಕದು, ಗಟ್ಟಿ, ನೋಡಲು ಚೆಂದ. ಆದರೆ ಮೇಲಿನ ಪ್ಲಾಸ್ಟಿಕ್ಕನ್ನು ಸುಲಿದೇ ಇರಲಿಲ್ಲ! ನೂಲಿಗೆ ಗಂಟು ಸಾಕು, ತಂತಿಗೆ ಒಳಗಿನ ತಾಮ್ರ ತಾಮ್ರಕ್ಕೆ ತಾಗಬೇಕು.

ನನಗೆ ನಗು ತಡೆಯಲಿಲ್ಲ. “ಅಪ್ಪಾ, ಇದೇನು ಸೀರಿ ನೂಲಂತ ತಿಳದಿಯೇನು? ನಿನ್ನ ಜಾಣತನಕ್ಕೊಂದು ದೊಡ್ಡ ನಮಸ್ಕಾರ.”

ಅಪ್ಪ ಕನ್ನಡಕ ಏರಿಸಿ ಗಂಟನ್ನು ಹತ್ತಿರದಿಂದ ನೋಡಿದ. “ಇದು ನನ್ನ ಕೈದಲ್ಲ,” ಎಂದ. “ನಾ ಗಂಟಿನ ಬಾಲ ಇಷ್ಟ ಸಣ್ಣಗ ಕತ್ತರಸೂದಿಲ್ಲ.”

ನಮ್ಮ ಮನೆಯಲ್ಲಿ ಆ ಗಂಟು ಹಾಕಲು ಬರುವವರು ಇನ್ನೊಬ್ಬರೇ. ಅವಳು ಚಹಾದ ಕಪ್ಪುಗಳನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ತಂತಿ ನಾನ ಕೊಯ್ದೆ,” ಎಂದಳು ಅವ್ವ. ಆ ಗರಗರ ದನಿ ಅಪ್ಪನಿಗೆ ಮುಟ್ಟಲಿಲ್ಲ.

“ಏನಂದಿ?”

“ನೋಡ್ಯಾ? ಇದ, ಇದ!” ಅವ್ವ ನನ್ನ ಕಡೆ ತಿರುಗಿದಳು. “ನಾ ಮಾತಾಡಿದ್ರ ಏನಂದಿ, ಏನಂದಿ ಅಂತಾರ. ಮೂರನೇ ಸಲಕ್ಕ ಇರಲಿ ಬಿಡು ಅಂತಾರ. ಅಕಿ ಹಾಡಿದ್ರ ಮಾತ್ರ ಕಣ್ಣ ಮುಚ್ಚಿ ಕೇಳ್ತಾರ. ನಾ ಇಲ್ಲೇ ಕುಂತಿರತೇನಿ, ದಿನಾ.”

ತನ್ನದೇ ಹಳೆಯ ದನಿಯನ್ನು ಅವಳು ‘ಅಕಿ’ ಎನ್ನುತ್ತಿದ್ದಳು.

“ಆಮ್ಯಾಲ ಸತ್ತ ಪೆಟ್ಟಿಗಿಗೆ ಕಿವಿ ಹಚ್ಚಿ ಕುಂತದ್ದು ನೋಡಿದೆ. ಲಗೂನ ಕಪಾಟಿನ ಹಿಂದ ಹೋಗಿ ಗಂಟ ಹಾಕಿದೆ. ಗಂಟ ಹಾಕಿದ್ರ ಬರ್ತೈತಿ ಅನ್ಕೊಂಡಿದ್ದೆ, ಬರಲಿಲ್ಲ. ಯಾರ ಮುಂದ ಹೇಳಲಿ?”

ಅವಳ ಮಾತನ್ನು ಅಪ್ಪನಿಗೆ ನಾನೇ ಗಟ್ಟಿಯಾಗಿ ಮತ್ತೊಮ್ಮೆ ಹೇಳಬೇಕಾಯಿತು. ಗಂಡಹೆಂಡಿರ ಮಾತನ್ನು ಮಗಳು ದಾಟಿಸುವುದಿದೆಯಲ್ಲ, ಅಂಥ ಕಷ್ಟ ಯಾರಿಗೂ ಬೇಡ. ಹೇಳಿ ಮುಗಿಸಿ, ಅವರ ಮುಖ ನೋಡಲಾಗದೆ ತಲೆ ತಗ್ಗಿಸಿ ಕೂತೆ. ಗಂಟು ಬಿಚ್ಚಿದೆ, ಪ್ಲಾಸ್ಟಿಕ್ಕು ಸುಲಿದೆ, ತಾಮ್ರ ಹೊಸೆದು ಇನ್ಸುಲೇಷನ್ ಟೇಪು ಸುತ್ತಿದೆ.

“ಆತಪ್ಪಾ. ಹಚ್ಚಲೇನು?”

ಅಪ್ಪ ಬೇಡವೆಂದು ಕೈ ಆಡಿಸಿದ. ಎದ್ದು ಹೋಗಿ ಕಪ್ಪುಗಳನ್ನು ಇಸಿದುಕೊಂಡು ಕೆಳಗಿಟ್ಟು, ಅವ್ವನನ್ನು ಕೈಹಿಡಿದು ಕರೆತಂದು ಮಂಚದ ಮೇಲೆ ಕೂರಿಸಿದ. ಪಕ್ಕದಲ್ಲಿ ತಾನೂ ಕೂತು, ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತಂದು, ಕಣ್ಣು ಮುಚ್ಚಿದ.

“ಹ್ಞೂಂ. ಈಗ ಹೇಳು.”

ಅವ್ವನಿಗೆ ನಾಚಿಕೆ. ನನ್ನನ್ನು ನೋಡಿದಳು, ಕಪ್ಪುಗಳನ್ನು ನೋಡಿದಳು. “ಚಾ ಆರಾಕತ್ತೈತಿ,” ಎಂದಳು.

“ಕೇಳಿಸ್ತು,” ಎಂದ ಅಪ್ಪ. ಕಣ್ಣು ತೆರೆಯಲಿಲ್ಲ. “ಇನ್ನೊಮ್ಮೆ ಹೇಳು.”